ಟರ್ಬೊ ಡೀಸೆಲ್ ಪಿಕಪ್ ಕಳೆದುಕೊಂಡರೆ: ಎಂಜಿನ್ ಹಿಂದಿನ ವ್ಯಾಕ್ಯೂಮ್ ಪೈಪು, ಸೊಲೆನಾಯ್ಡ್ ಬದಲಾಯಿಸುವ ಬಗೆ

ಗೇರ್ ಸರಿಯಾಗಿದೆ, ಎಂಜಿನ್ ಸದ್ದೂ ಸರಿಯಾಗಿದೆ, ಆದರೆ 2,000 ಆರ್‌ಪಿಎಂ ದಾಟಿದರೂ ಗಾಡಿ ಎಳೆಯುವುದಿಲ್ಲ. ಇಲ್ಲವೇ ಘಾಟಿಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಒಮ್ಮೆಲೇ ಲಿಂಪ್ ಮೋಡ್‌ಗೆ (ಎಂಜಿನ್ ತನ್ನನ್ನು ಉಳಿಸಿಕೊಳ್ಳಲು ಶಕ್ತಿ ಇಳಿಸಿಕೊಳ್ಳುವ ಸ್ಥಿತಿ) ಬಿದ್ದು ತೆವಳುತ್ತದೆ. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದಂತೆ ಓಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0299 ಅಥವಾ ಪಿ0234 ಎಂಬ ಕೋಡ್ ಸಿಗುತ್ತದೆ. ಗ್ಯಾರೇಜಿನಲ್ಲಿ "ಟರ್ಬೊ ಹೋಗಿದೆ" ಎಂಬ ಮಾತೂ ಬರುತ್ತದೆ. ಒಪ್ಪಿಕೊಳ್ಳುವ ಮೊದಲು ಪೆನ್ಸಿಲ್ ಗಾತ್ರದ ಕೆಲವು ರಬ್ಬರ್ ಪೈಪುಗಳನ್ನೂ ಅವುಗಳ ನಡುವೆ ಕೂತಿರುವ ಒಂದು ಸೊಲೆನಾಯ್ಡನ್ನೂ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ನೋಡಲೇಬೇಕು. ನೋಡದೆ ಟರ್ಬೊ ಬದಲಾಯಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಇಲ್ಲಿನ ವಿವರ ಮುಖ್ಯವಾಗಿ ಸ್ಕೋಡಾ ಲಾರಾ 1.9, ಫೋಕ್ಸ್‌ವ್ಯಾಗನ್ ವೆಂಟೊ 1.6 ತರಹದ ಟಿಡಿಐ (ಟರ್ಬೊ ಡೀಸೆಲ್) ಎಂಜಿನ್‌ಗಳದ್ದು. ಇವುಗಳಲ್ಲಿ ಟರ್ಬೊ ಇರುವುದು ಎಂಜಿನ್ನಿನ ಹಿಂಬದಿಯಲ್ಲಿ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯ ಕಡೆ. ಹಾಗಾಗಿ ಪೈಪುಗಳೂ ಅಲ್ಲೇ, ಕೈ ಹೋದರೆ ಕಣ್ಣು ಹೋಗದ, ಕಣ್ಣು ಹೋದರೆ ಕೈ ಹೋಗದ ಜಾಗದಲ್ಲಿ. ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿ ಹೀರಿದಾಗ ಹುಟ್ಟುವ ಸೆಳೆತದಿಂದ ನಡೆಯುವ ವಿಜಿಟಿ ಟರ್ಬೊ (ಒಳಗಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊ) ಇರುವ ಉಳಿದ ಡೀಸೆಲ್‌ಗಳಲ್ಲೂ ಜಾಗ ಬೇರೆ, ತರ್ಕ ಒಂದೇ. ಟರ್ಬೊ ಮೇಲೆ ವ್ಯಾಕ್ಯೂಮ್ ಡಬ್ಬಿಯ ಬದಲು ವಿದ್ಯುತ್ ಮೋಟಾರು ಇರುವ ಗಾಡಿಗೆ ಮಾತ್ರ ಇದು ಅನ್ವಯಿಸದು.

ಯಾವುದು ಏನು ಮಾಡುತ್ತದೆ

ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್‌ನ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ನೆಚ್ಚಿಕೊಳ್ಳುವಷ್ಟು ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೇ ಬೇರೆ ಪಂಪು; ಟಿಡಿಐಗಳಲ್ಲಿ ಅದು ಸಿಲಿಂಡರ್ ಹೆಡ್ಡಿನ ತುದಿಯಲ್ಲಿ, ಕ್ಯಾಮ್‌ಶಾಫ್ಟ್‌ನಿಂದ ತಿರುಗುತ್ತದೆ. ಪಂಪಿನಿಂದ ಹೊರಡುವ ದಪ್ಪ ಪೈಪು ಬ್ರೇಕ್ ತುಳಿತವನ್ನು ಹಗುರಗೊಳಿಸುವ ಬ್ರೇಕ್ ಬೂಸ್ಟರ್‌ಗೆ ಹೋಗುತ್ತದೆ. ಅದರಿಂದ ಕವಲೊಡೆಯುವ ಸಣ್ಣ ಪೈಪು ಎನ್75 ಎಂದು ಕರೆಯುವ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಸೊಲೆನಾಯ್ಡ್‌ಗೆ ಬರುತ್ತದೆ. ಎನ್75ಕ್ಕೆ ಮೂರು ಮೂತಿ: ಒಂದರಲ್ಲಿ ಪಂಪಿನ ವ್ಯಾಕ್ಯೂಮ್ ಒಳಬರುತ್ತದೆ, ಇನ್ನೊಂದು ಟರ್ಬೊ ಮೇಲಿನ ಆಕ್ಚುಯೇಟರ್ ಡಬ್ಬಿಗೆ ಹೋಗುತ್ತದೆ, ಮೂರನೆಯದು ಹೊರಗಿನ ಗಾಳಿಗೆ ತೆರೆದಿರುತ್ತದೆ. ಹೆಚ್ಚಿನವುಗಳ ಮೈಮೇಲೆ ಗುರುತು ಅಚ್ಚಾಗಿರುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಎಷ್ಟು ಹೇಳುತ್ತದೋ ಅಷ್ಟು ವ್ಯಾಕ್ಯೂಮ್ ಡಬ್ಬಿಗೆ ಬಿಡುವುದು, ಬೇಡವೆಂದಾಗ ಹೊರಗಾಳಿ ಬಿಟ್ಟು ಇಳಿಸುವುದು ಇದರ ಕೆಲಸ. ಡಬ್ಬಿ ಸರಳನ್ನು ಎಳೆದಾಗ ಟರ್ಬೊ ಒಳಗಿನ ರೆಕ್ಕೆಗಳು ಮುಚ್ಚಿಕೊಂಡು ಬೂಸ್ಟ್ ಏರುತ್ತದೆ.

ರೋಗ ಪತ್ತೆಯ ಅರ್ಧ ಕೆಲಸ ಇಷ್ಟರಲ್ಲೇ ಮುಗಿಯಿತು. ಪೈಪು ಸೋರಿದರೆ ಸರಳು ಪೂರ್ತಿ ಬಾರದು, ಬೂಸ್ಟ್ ಸಾಲದು: ಪಿ0299. ಹೊರಗಾಳಿಯ ಮೂತಿಯೋ ಅದರ ತುದಿಯ ಸಣ್ಣ ಸ್ಪಂಜಿನ ಫಿಲ್ಟರೋ ಧೂಳಿನಿಂದ ಕಟ್ಟಿಕೊಂಡರೆ ಡಬ್ಬಿಯೊಳಗಿನ ವ್ಯಾಕ್ಯೂಮ್ ಬೇಗ ಇಳಿಯದು, ಬೂಸ್ಟ್ ಮಿತಿ ಮೀರುತ್ತದೆ: ಪಿ0234. ಎರಡನೆಯದಕ್ಕೆ ಟರ್ಬೊ ಒಳಗೆ ಮಸಿ ಹಿಡಿದು ರೆಕ್ಕೆ ಸಿಕ್ಕಿಕೊಳ್ಳುವುದೂ ಕಾರಣವಾಗಬಹುದು. ಫಿಲ್ಟರ್ ಕಟ್ಟಿದ್ದಕ್ಕೆ ಟರ್ಬೊ ಬಿಚ್ಚಿಸುವವರೂ ಇದ್ದಾರೆ, ಆದ್ದರಿಂದ ಮೊದಲು ಫಿಲ್ಟರ್ ನೋಡಿ.

ಬಿಚ್ಚುವ ಮುನ್ನ ಪರೀಕ್ಷೆ

ಗೇಜ್ ಇರುವ ಒಂದು ಕೈ ವ್ಯಾಕ್ಯೂಮ್ ಪಂಪು, ಒಂದು ಟಿ ಜೋಡಣೆ ಮತ್ತು ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಊಹೆಯ ಮೇಲೆ ಸೊಲೆನಾಯ್ಡ್ ತಂದು ಹಾಕುವ ದುಡ್ಡಿಗಿಂತ ಪಂಪಿನ ದುಡ್ಡು ಕಡಿಮೆ.

ಮೊದಲು ಸರಳು ನೋಡಿ. ಒಬ್ಬರು ಎಂಜಿನ್ ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಆಕ್ಚುಯೇಟರ್ ಸರಳನ್ನು ಗಮನಿಸಲಿ. ಸ್ಟಾರ್ಟ್ ಆದೊಡನೆ ಸರಳು ಸುಮಾರು 1 ಸೆಂಟಿಮೀಟರ್ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ಮರಳಬೇಕು. ಕದಲದಿದ್ದರೆ ಅಥವಾ ಅರ್ಧಕ್ಕೆ ನಿಂತರೆ ಮುಂದಿನ ಹಂತ.

ಪಂಪಿನಿಂದ ಎನ್75ಕ್ಕೆ ಬರುವ ಪೈಪನ್ನು ಕಳಚಿ, ಅದಕ್ಕೆ ಗೇಜ್ ಸಿಕ್ಕಿಸಿ ಐಡಲ್‌ನಲ್ಲಿ ಓದಿ. ಇಲ್ಲಿ ಒಂದು ಎಚ್ಚರ. ಇಂಟರ್‌ನೆಟ್ಟಿನಲ್ಲಿ ಸಿಗುವ ಅಂಕಿಗಳು ಹೆಚ್ಚಾಗಿ ಸಮುದ್ರಮಟ್ಟದವು. ಮಂಗಳೂರಿನಲ್ಲಿ 700 ಎಂಎಂ ಪಾದರಸ ತೋರಿಸುವ ಆರೋಗ್ಯವಂತ ಪಂಪು, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 620ರ ಆಸುಪಾಸು ತೋರಿಸುತ್ತದೆ, ಮಡಿಕೇರಿಯಲ್ಲಿ 600ರ ಹತ್ತಿರ. ಗಾಳಿಯೇ ತೆಳುವಾಗಿರುವಾಗ ಪಂಪು ಹೆಚ್ಚು ಎಳೆಯಲು ಸಾಧ್ಯವಿಲ್ಲ, ಅದು ದೋಷವಲ್ಲ. 500ಕ್ಕಿಂತ ಕೆಳಗಿದ್ದರೆ, ಇಲ್ಲವೇ ಮುಳ್ಳು ಏರಲು ಬಹಳ ಹೊತ್ತು ತೆಗೆದುಕೊಂಡರೆ, ಸೋರಿಕೆ ಪಂಪಿನ ಕಡೆಯೇ ಇದೆ. ಅದೇ ಪಂಪು ಬ್ರೇಕಿಗೂ ಆಸರೆ. ಪೆಡಲ್ ಗಟ್ಟಿಯಾಗುತ್ತಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ.

ಎಂಜಿನ್ ಆಫ್ ಮಾಡಿ. ಎನ್75ದಿಂದ ಆಕ್ಚುಯೇಟರ್‌ಗೆ ಹೋಗುವ ಪೈಪನ್ನು ಎನ್75ದ ತುದಿಯಲ್ಲಿ ಕಳಚಿ, ಅಲ್ಲಿಂದಲೇ ಕೈ ಪಂಪು ಹಾಕಿ. ಸಾಮಾನ್ಯವಾಗಿ 100 ಎಂಎಂ ಸುತ್ತಮುತ್ತ ಸರಳು ಕದಲತೊಡಗಿ 450ರಿಂದ 500ರೊಳಗೆ ಕೊನೆ ಮುಟ್ಟುತ್ತದೆ. ಅಲ್ಲಿ ಒಂದು ನಿಮಿಷ ಬಿಡಿ. ಮುಳ್ಳು ನಿಂತಲ್ಲೇ ನಿಂತರೆ ಪೈಪೂ ಡಬ್ಬಿಯೂ ಸರಿ. ಇಳಿದರೆ ಪಂಪನ್ನು ನೇರ ಡಬ್ಬಿಗೇ ಸಿಕ್ಕಿಸಿ ಮತ್ತೆ ನೋಡಿ: ಈಗ ನಿಂತರೆ ಪೈಪಿನ ತಪ್ಪು, ಈಗಲೂ ಇಳಿದರೆ ಡಬ್ಬಿಯ ರಬ್ಬರ್ ಹರಿದಿದೆ. ಮುಳ್ಳು ನಿಂತಿದ್ದರೂ ಸರಳು ಬಿಕ್ಕುತ್ತ, ತಡೆತಡೆದು ಚಲಿಸಿದರೆ ಟರ್ಬೊ ರೆಕ್ಕೆಗಳಿಗೆ ಮಸಿ ಹಿಡಿದಿದೆ. ಪೈಪು ಬದಲಾಯಿಸಿ ಪ್ರಯೋಜನವಿಲ್ಲ. ಸರಳಿನ ಕೊನೆಯಲ್ಲಿರುವ ಸ್ಟಾಪ್ ಸ್ಕ್ರೂ ಮುಟ್ಟಲೇಬೇಡಿ.

ಕೊನೆಗೆ ಸೊಲೆನಾಯ್ಡ್. ಪ್ಲಗ್ ಕಳಚಿ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಮಾದರಿಗೆ ತಕ್ಕಂತೆ ಹದಿನೈದರಿಂದ ನಲವತ್ತರೊಳಗಿನ ಅಂಕಿ ಸಾಮಾನ್ಯ. ನಿಖರ ಮಿತಿ ಆಯಾ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಅಥವಾ ಸೊನ್ನೆಯ ಹತ್ತಿರ ತೋರಿಸಿದರೆ ಕಾಯಿಲ್ ಸತ್ತಿದೆ. ಆದರೆ ಕಾಯಿಲ್ ಸರಿಯಿದ್ದ ಮಾತ್ರಕ್ಕೆ ಸೊಲೆನಾಯ್ಡ್ ಸರಿ ಎನ್ನಲಾಗದು. ಒಳಗಿನ ಸೀಟು ಸವೆದು ಗಾಳಿ ಸೋರುವುದೇ ಹೆಚ್ಚು. ಕರೆಂಟಿಲ್ಲದಾಗ ಪಂಪಿನ ಮೂತಿ ಮುಚ್ಚಿರಬೇಕು, ಆಕ್ಚುಯೇಟರ್ ಮೂತಿ ಹೊರಗಾಳಿಗೆ ತೆರೆದಿರಬೇಕು. ಒಂದೆರಡು ಸೆಕೆಂಡ್ 12 ವೋಲ್ಟ್ ಕೊಟ್ಟಾಗ ಟಕ್ ಎಂದು ಪಂಪಿನ ಮೂತಿ ಆಕ್ಚುಯೇಟರ್ ಮೂತಿಗೆ ಸೇರಬೇಕು. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್‌ನ ಸೊಲೆನಾಯ್ಡ್‌ಗೂ ಇದಕ್ಕೂ ಪಾರ್ಟ್ ನಂಬರ್ ಅಕ್ಷರಶಃ ಒಂದೇ ಆಗಿದ್ದರೆ ಇನ್ನೂ ಸುಲಭ: ಎರಡನ್ನೂ ಅದಲುಬದಲು ಮಾಡಿ, ರೋಗ ಜಾಗ ಬದಲಿಸುತ್ತದೆಯೇ ನೋಡಿ. ನೋಡಲು ಒಂದೇ ತರಹ ಇದೆಯೆಂದು ಮಾತ್ರ ಅದಲುಬದಲು ಮಾಡಬೇಡಿ. ಬರೀ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳೂ ಹೊರನೋಟಕ್ಕೆ ಹೀಗೇ ಇರುತ್ತವೆ.

ಏನೇನು ತರಬೇಕು

ಪೈಪು 3ರಿಂದ 3.5 ಎಂಎಂ ಒಳವ್ಯಾಸದ್ದು, ಮೇಲೆ ನೂಲಿನ ಹೆಣಿಗೆಯಿರುವ ರಬ್ಬರ್. ಹಳೆಯ ತುಂಡನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಮೂತಿಗೆ ಒತ್ತಿ ತೂರಿಸಬೇಕೇ ಹೊರತು ಜಾರಿಕೊಂಡು ಹೋಗಬಾರದು. ಟರ್ಬೊ ಕಡೆಯದನ್ನೆಲ್ಲ ಬದಲಾಯಿಸಲು 3 ಮೀಟರ್ ಸಾಕಾಗುತ್ತದೆ, 4 ಮೀಟರ್ ತಂದಿಟ್ಟುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ.

ಬಣ್ಣಬಣ್ಣದ ಸಿಲಿಕೋನ್ ಪೈಪು ಚೆಂದ, ಶಾಖವನ್ನೂ ತಡೆಯುತ್ತದೆ. ಆದರೆ ಗೋಡೆ ತೆಳುವಾಗಿದ್ದರೆ ವ್ಯಾಕ್ಯೂಮ್‌ಗೆ ಒಳಗೇ ಚಪ್ಪಟೆಯಾಗುತ್ತದೆ, ಬಾಗಿದ ಕಡೆಯಂತೂ ಪೂರ್ತಿ ಮುಚ್ಚಿಕೊಳ್ಳುತ್ತದೆ. ಎಣ್ಣೆ ತಾಗಿದರೆ ಉಬ್ಬುತ್ತದೆ. ಅದನ್ನೇ ಹಾಕುವುದಾದರೆ ಗೋಡೆ ಕನಿಷ್ಠ 2 ಎಂಎಂ ಇರಲಿ. ಅಕ್ವೇರಿಯಂ ಪೈಪು, ಆಸ್ಪತ್ರೆಯ ಡ್ರಿಪ್ ಪೈಪು ಹಾಕಿ ಕಳಿಸುವ ಜುಗಾಡ್‌ಗಳು ಟರ್ಬೊ ಬಿಸಿಗೆ ವಾರವೂ ಬಾಳುವುದಿಲ್ಲ.

ಸೊಲೆನಾಯ್ಡ್‌ನಲ್ಲಿ ಕಂಜೂಸಿತನ ಬೇಡ. ಟಿಡಿಐಗಳಿಗೆ ಪಿಯರ್‌ಬುರ್ಗ್ ತಯಾರಿಸಿದ್ದು ಸಿಗುತ್ತದೆ. ಅಗ್ಗದ ನಕಲಿಯಲ್ಲಿ ಕಾಯಿಲ್ ಓಮ್ ಸರಿಯಿದ್ದರೂ ವ್ಯಾಕ್ಯೂಮ್ ಏರಿಳಿಯುವ ವೇಗ ಬೇರೆ. ಬೂಸ್ಟ್ ತೂಗಾಡಲು ಶುರುವಾಗಿ ಮತ್ತೆ ಲಿಂಪ್ ಮೋಡ್ ಎದುರಾಗುತ್ತದೆ. ಹಳೆಯದರ ಮೈಮೇಲಿನ ನಂಬರಿಗೆ ಹೊಂದಿಸಿ ಕೊಳ್ಳಿ. ಜೊತೆಗೆ ಒಂದು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವುದು), ಎರಡು ಟಿ ಜೋಡಣೆ, ಶಾಖ ತಡೆಯುವ ತೋಳು ಅರ್ಧ ಮೀಟರ್, ಜಿಪ್ ಟೈ, ಹೊಸ ಬ್ಲೇಡು.

ಕೈ ಹೋಗದ ಜಾಗಕ್ಕೆ ಬೇಕಾದ ಹತಾರಗಳೇ ಬೇರೆ: ಉದ್ದ ಮೂತಿಯ ಬಾಗಿದ ಇಕ್ಕಳ, ಉದ್ದನೆ ಎಕ್ಸ್‌ಟೆನ್ಷನ್ ಮತ್ತು ಯುನಿವರ್ಸಲ್ ಜಾಯಿಂಟ್, ಹಿಡಿಯಿರುವ ಸಣ್ಣ ಕನ್ನಡಿ, ಆಯಸ್ಕಾಂತದ ಕಡ್ಡಿ. ಫೋನಿಗೆ ಸಿಕ್ಕಿಸುವ ಬೋರ್‌ಸ್ಕೋಪ್ ಕ್ಯಾಮೆರಾ ಇದ್ದರೆ ಕನ್ನಡಿಯ ಪೀಕಲಾಟ ತಪ್ಪುತ್ತದೆ.

ಜಾಗ ಮಾಡಿಕೊಳ್ಳುವುದು

ರಾತ್ರಿಯಿಡೀ ತಣಿದ ಎಂಜಿನ್ ಮೇಲೆ ಬೆಳಿಗ್ಗೆ ಕೆಲಸ ಹಿಡಿಯಿರಿ. ಹೊರಗೆ ತಣ್ಣಗೆ ಕಂಡರೂ ಟರ್ಬೊ ಕವಚ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ. ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ, ಏರ್ ಫಿಲ್ಟರಿನಿಂದ ಬರುವ ಕೊಳವೆ ತೆಗೆದು, ಟರ್ಬೊ ಕಡೆ ತೆರೆದುಕೊಂಡ ಬಾಯಿಗೆ ಶುದ್ಧ ಬಟ್ಟೆ ತುರುಕಿ. ಇದನ್ನು ಮರೆಯಬಾರದು, ಒಂದು ಸಣ್ಣ ವಾಷರ್ ಒಳಗೆ ಬಿದ್ದರೂ ಕಂಪ್ರೆಸರ್ ಚಕ್ರದ ಕತೆ ಮುಗಿಯಿತು.

ಎಷ್ಟೋ ಜನ ಎಂಜಿನ್ನಿನ ಮೇಲಿಂದಲೇ ಕೈ ತೂರಿಸಿ ಒದ್ದಾಡುತ್ತಾರೆ. ವೈಪರ್ ತೋಳು ಮತ್ತು ಅದರ ಕೆಳಗಿನ ಪ್ಲಾಸ್ಟಿಕ್ ತಟ್ಟೆ ತೆಗೆದರೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಎರಡು ಗಂಟೆ ಉಳಿಯುತ್ತದೆ. ತೋಳು ನಿಂತಿರುವ ಜಾಗಕ್ಕೆ ಗಾಜಿನ ಮೇಲೆ ಕಾಗದದ ಟೇಪು ಅಂಟಿಸಿ ಗುರುತು ಮಾಡಿ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿ ತೋಳನ್ನು ಬುಡದಲ್ಲಿ ಹಿಡಿದು ಆಚೀಚೆ ಅಲುಗಾಡಿಸಿ. ಬಾರದಿದ್ದರೆ ಸಣ್ಣ ಪುಲ್ಲರ್ ಹಾಕಿ. ಸ್ಕ್ರೂಡ್ರೈವರ್ ಮೀಟಿ ಗಾಜು ಒಡೆದುಕೊಳ್ಳಬೇಡಿ. ತಟ್ಟೆಯನ್ನು ಗಾಜಿನ ಅಂಚಿನ ಉದ್ದಕ್ಕೂ ಒಂದೊಂದು ಅಂಗುಲವಾಗಿ ಬಿಡಿಸಿ. ಹತ್ತು ವರ್ಷದ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ.

ಇನ್ನೇನೂ ಕಳಚುವ ಮೊದಲು ಮೂರ್ನಾಲ್ಕು ಕೋನದಿಂದ ಫೋಟೊ ತೆಗೆಯಿರಿ. ಪ್ರತಿ ಪೈಪಿನ ಎರಡೂ ತುದಿಗೆ ಒಂದೇ ಅಂಕಿ ಬರೆದ ಟೇಪು ಸುತ್ತಿ. ಫೋಟೊ ಒಂದೇ ಸಾಲದು, ಮೂರು ಕಪ್ಪು ಪೈಪುಗಳು ಒಂದರ ಹಿಂದೊಂದು ಹಾದಿರುವ ಕಡೆ ಅದು ಏನನ್ನೂ ಹೇಳುವುದಿಲ್ಲ.

ಪೈಪು ಬದಲಾಯಿಸುವ ಕ್ರಮ

ಒಮ್ಮೆಗೆ ಒಂದೇ ಪೈಪು. ಎಲ್ಲ ಕಿತ್ತು ರಾಶಿ ಹಾಕಿಕೊಂಡರೆ ಸಂಜೆಗೆ ತಲೆ ಕೆಡುವುದು ಖಂಡಿತ.

ಹಳೆಯ ಪೈಪನ್ನು ಮೂತಿಯಿಂದ ಎಳೆದು ತೆಗೆಯಬೇಡಿ. ವರ್ಷಗಟ್ಟಲೆ ಬೆಂದ ರಬ್ಬರ್ ಪ್ಲಾಸ್ಟಿಕ್ ಮೂತಿಗೆ ಅಂಟಿಕೊಂಡಿರುತ್ತದೆ. ಎಳೆದರೆ ಪೈಪಿನ ಜೊತೆ ಮೂತಿಯೂ ಬರುತ್ತದೆ, ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ. ಮೂತಿಯಿಂದ 2 ಸೆಂಟಿಮೀಟರ್ ಬಿಟ್ಟು ಪೈಪನ್ನು ಕತ್ತರಿಸಿ, ಉಳಿದ ತುಂಡನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಡಿಸಿ. ಬ್ಲೇಡು ಪ್ಲಾಸ್ಟಿಕ್‌ಗೆ ತಾಗಿ ಗೀರು ಬಿದ್ದರೆ ಆ ಗೀರಿನಲ್ಲೇ ಗಾಳಿ ಸೋರುತ್ತದೆ, ಹಾಗಾಗಿ ಕೊನೆಯ ಪದರವನ್ನು ಉಗುರಿನಿಂದಲೇ ಬಿಡಿಸಿ.

ಎಂಜಿನ್ ಹಿಂದೆ ಹಾದುಹೋಗುವ ಉದ್ದನೆಯ ಪೈಪಿಗೆ ಒಂದು ಉಪಾಯವಿದೆ. ಹಳೆಯದನ್ನು ಎರಡು ತುದಿಯಲ್ಲೂ ಬಿಡಿಸಿ, ಕ್ಲಿಪ್ಪುಗಳಿಂದ ಸಡಿಲಿಸಿ, ಒಂದು ತುದಿಗೆ ಹೊಸ ಪೈಪನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ, ಮೇಲೆ ಒಂದು ಸುತ್ತು ಟೇಪು ಹಾಕಿ, ಇನ್ನೊಂದು ತುದಿಯಿಂದ ಮೆಲ್ಲಗೆ ಎಳೆಯಿರಿ. ಕಣ್ಣಿಗೆ ಕಾಣದ ದಾರಿಯಲ್ಲೂ ಹೊಸ ಪೈಪು ಹಳೆಯದರ ಜಾಡನ್ನೇ ಹಿಡಿದು ಬರುತ್ತದೆ. ಹಳೆಯದು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದರೆ ಎಳೆಯುವುದು ಬೇಡ, ಗಟ್ಟಿ ತಂತಿ ತೂರಿಸಿ ಅದಕ್ಕೆ ಕಟ್ಟಿ ಎಳೆದುಕೊಳ್ಳಿ.

ಹಳೆಯದನ್ನು ಬಿಸಾಡುವ ಮುನ್ನ ಅದರ ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡಿ. ಕೆಲವು ಪೈಪುಗಳ ಒಳಗೆ ಸೂಜಿರಂಧ್ರದ ಒಂದು ಸಣ್ಣ ಗುಂಡು ಇರುತ್ತದೆ, ವ್ಯಾಕ್ಯೂಮ್ ಏರಿಳಿತವನ್ನು ನಿಧಾನಿಸುವುದಕ್ಕೆ. ಗಟ್ಟಿಯಾಗಿ ಸಿಕ್ಕರೆ ಅದನ್ನು ತೆಗೆದು ಹೊಸ ಪೈಪಿನ ಅದೇ ಜಾಗಕ್ಕೆ ಸೇರಿಸಿ. ಹೊಸ ಪೈಪು ಹಾಕಿದ ಮೇಲೆ ಬೂಸ್ಟ್ ತೂಗಾಡಲು ಶುರುವಾದ ಎಷ್ಟೋ ಗಾಡಿಗಳಲ್ಲಿ ಈ ಗುಂಡು ಕಸದ ಬುಟ್ಟಿ ಸೇರಿರುತ್ತದೆ.

ಉದ್ದ ಹಳೆಯದರಷ್ಟೇ ಇರಲಿ, ಅರ್ಧ ಸೆಂಟಿಮೀಟರ್ ಹೆಚ್ಚಿದ್ದರೂ ಸರಿ, ಕಡಿಮೆ ಬೇಡ. ಎಂಜಿನ್ ಅಲುಗಾಡುವಾಗ ಗಿಡ್ಡ ಪೈಪು ಮೂತಿಯಿಂದ ಕಳಚಿಕೊಳ್ಳುತ್ತದೆ. ತುದಿ ಓರೆಯಾಗದಂತೆ ನೇರ ಕತ್ತರಿಸಿ. ತೂರಿಸಲು ಕಷ್ಟವಾದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ. ಎಂಜಿನ್ ಆಯಿಲ್, ಗ್ರೀಸ್ ಸವರಬೇಡಿ. ಮೂತಿಯ ಮೇಲೆ ಕನಿಷ್ಠ 1 ಸೆಂಟಿಮೀಟರ್ ಏರಬೇಕು. ಎಕ್ಸಾಸ್ಟ್‌ಗೆ ಒಂದು ಗೇಣಿಗಿಂತ ಹತ್ತಿರ ಹಾಯುವ ಕಡೆಯೆಲ್ಲ ಶಾಖದ ತೋಳು ತೊಡಿಸಿ. ಜಿಪ್ ಟೈ ಬಿಗಿದು ಪೈಪನ್ನು ಹಿಸುಕಬೇಡಿ, ಬೆರಳಿನಿಂದ ತಿರುಗಿಸುವಷ್ಟು ಸಡಿಲವಿರಲಿ.

ಚೆಕ್ ವಾಲ್ವ್ ಉಲ್ಟಾ ಹಾಕುವುದು ಸಾಮಾನ್ಯ ತಪ್ಪು. ಪಂಪಿನ ಕಡೆಯ ತುದಿಯನ್ನು ಬಾಯಲ್ಲಿಟ್ಟು ಹೀರಿದರೆ ಗಾಳಿ ಬರಬೇಕು, ಊದಿದರೆ ಹೋಗಬಾರದು. ವ್ಯಾಕ್ಯೂಮ್ ಕೂಡಿಡುವ ಗೋಳಾಕಾರದ ಪ್ಲಾಸ್ಟಿಕ್ ಡಬ್ಬಿಯಿದ್ದರೆ ಅದನ್ನೂ 500 ಎಂಎಂಗೆ ಎಳೆದು ಒಂದು ನಿಮಿಷ ಕಾಯಿರಿ. ಅದರ ಕೂಡುಗೆರೆಯಲ್ಲಿ ಕೂದಲೆಳೆಯ ಬಿರುಕು ಬಿಡುವುದುಂಟು.

ಹಳೆಯ ಪೈಪಿನೊಳಗೆ ಎಣ್ಣೆ ಕಂಡರೆ ಅಲ್ಲಿಗೇ ನಿಲ್ಲಿ. ವ್ಯಾಕ್ಯೂಮ್ ಪಂಪು ಎಣ್ಣೆ ಕಕ್ಕುತ್ತಿದೆ ಅಥವಾ ಚೆಕ್ ವಾಲ್ವ್ ಸತ್ತಿದೆ. ಅದನ್ನು ಸರಿಪಡಿಸದೆ ಹೊಸ ಸೊಲೆನಾಯ್ಡ್ ಹಾಕಿದರೆ ಅದೂ ಎಣ್ಣೆ ಕುಡಿದು ಹಾಳಾಗುತ್ತದೆ. ತುಂಡಾದ ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತು ಕಂಡರೆ ಕಾರಣ ಬೇರೆ: ಇಲಿ. ಹಾಗಿದ್ದಲ್ಲಿ ಪಕ್ಕದ ವೈರಿಂಗನ್ನೂ ಪರೀಕ್ಷಿಸಿ, ಅದು ಪೈಪೊಂದನ್ನೇ ಕಡಿದು ಸುಮ್ಮನಾಗುವ ಪ್ರಾಣಿಯಲ್ಲ.

ಸೊಲೆನಾಯ್ಡ್

ಇದರಲ್ಲಿ ಕಷ್ಟವಿರುವುದು ಬೋಲ್ಟಿನಲ್ಲಿ. ಸಾಮಾನ್ಯವಾಗಿ ಎರಡು ಸಣ್ಣ ನಟ್ಟು ಅಥವಾ ಟಾರ್ಕ್ಸ್ ಸ್ಕ್ರೂ, ಅವೂ ಗೋಡೆಯ ಕಡೆಗೆ. ಕೆಳಗೆ ಬಿದ್ದರೆ ಎಂಜಿನ್ ಅಡಿಯ ಶೀಲ್ಡ್ ಮೇಲೆ ಕೂರುತ್ತದೆ, ಅದನ್ನು ಬಿಚ್ಚದೆ ಸಿಗದು. ಆದ್ದರಿಂದ ಮೊದಲೇ ಕೆಳಗೊಂದು ಬಟ್ಟೆ ಹಾಸಿ, ಸಾಕೆಟ್ ಒಳಗೆ ಸ್ವಲ್ಪ ಟೇಪು ಅಂಟಿಸಿ ನಟ್ಟು ಕಚ್ಚಿಕೊಳ್ಳುವಂತೆ ಮಾಡಿ. ಪ್ಲಗ್‌ನ ಲಾಕ್ ಒತ್ತಿ, ಮೊದಲು ಪ್ಲಗ್ಗನ್ನು ಒಳಕ್ಕೆ ತಳ್ಳಿ ಆಮೇಲೆ ಎಳೆಯಿರಿ. ನೇರ ಎಳೆದರೆ ಲಾಕ್ ಮುರಿಯುತ್ತದೆ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ.

ಹೊಸದನ್ನು ಮೊದಲು ಗೋಡೆಗೆ ಕೂರಿಸಿ ಆಮೇಲೆ ಪೈಪು ತೂರಿಸಲು ಹೋಗಬೇಡಿ. ಮೂರೂ ಪೈಪುಗಳನ್ನು ಬೆಳಕಿನಲ್ಲಿ, ಕೈಯಲ್ಲೇ ಹಿಡಿದು ಸಿಕ್ಕಿಸಿ, ಎಳೆದು ನೋಡಿ, ಆಮೇಲೆ ಒಟ್ಟಾಗಿ ಒಳಗಿಳಿಸಿ. ಪಂಪಿನದು ಮತ್ತು ಆಕ್ಚುಯೇಟರಿನದು ಅದಲುಬದಲಾದರೆ ಬೂಸ್ಟ್ ಹಿಡಿತಕ್ಕೆ ಸಿಗುವುದಿಲ್ಲ. ಹೊರಗಾಳಿಯ ಮೂತಿಗೆ ಹೊಸ ಫಿಲ್ಟರ್ ಹಾಕಿ, ಅಥವಾ ಮೂಲದಲ್ಲಿ ಏರ್ ಫಿಲ್ಟರ್ ಡಬ್ಬಿಗೆ ಹೋಗುವ ಪೈಪಿದ್ದರೆ ಅದನ್ನೇ ಸೇರಿಸಿ. ಬರಿಬಾಯಿ ಬಿಟ್ಟರೆ ಧೂಳು ನೇರ ಒಳಗೆ. ಅಡಿಯ ರಬ್ಬರ್ ಬುಷ್ ಮರೆಯಬೇಡಿ. 6 ಎಂಎಂ ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಬಿಗಿತ ಸಾಕು.

ಜೋಡಿಸಿದ ಮೇಲೆ

ತಟ್ಟೆ, ವೈಪರ್ ಮತ್ತೆ ಕೂರಿಸುವ ಮೊದಲೇ ಪರೀಕ್ಷಿಸಿ, ಇಲ್ಲದಿದ್ದರೆ ಎರಡು ಸಲ ದಂಡ. ಟರ್ಬೊ ಬಾಯಿಯ ಬಟ್ಟೆ ತೆಗೆದಿರಾ? ಏರ್ ಕೊಳವೆ ಬಿಗಿದು, ಬ್ಯಾಟರಿ ಸೇರಿಸಿ, ಹಳೆಯ ಕೋಡ್ ಅಳಿಸಿ, ಸ್ಟಾರ್ಟ್ ಮಾಡಿ. ಸರಳು ಚಟ್ಟನೆ ಎಳೆದುಕೊಳ್ಳಬೇಕು. ಸೋರಿಕೆ ಹುಡುಕಲು ಕಿವಿಗೆ ಒಂದು ಪೈಪು ತುಂಡು ಹಿಡಿದು ಇನ್ನೊಂದು ತುದಿಯನ್ನು ಜೋಡಣೆಗಳ ಹತ್ತಿರ ಒಯ್ಯಿರಿ, ಸುಯ್ ಎನ್ನುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಬೆಲ್ಟು, ಫ್ಯಾನುಗಳಿಂದ ಅಂಗಿಯ ತೋಳು ದೂರವಿರಲಿ.

ಬ್ರೇಕ್ ಪರೀಕ್ಷೆ ಬಿಡುವಂತಿಲ್ಲ. ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿದು ಗಟ್ಟಿಯಾದ ಮೇಲೆ, ತುಳಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ದಪ್ಪ ಪೈಪಿನ ಜೋಡಣೆ ಸರಿಯಾಗಿಲ್ಲ, ಗಾಡಿ ರಸ್ತೆಗೆ ಒಯ್ಯಬೇಡಿ.

ನಂತರ ಸ್ಕ್ಯಾನರ್ ಹಾಕಿ ಖಾಲಿ ರಸ್ತೆಯಲ್ಲಿ ಓಡಿಸಿ, ಓದುವವರು ಬೇರೆ ಇರಲಿ. ಲಾರಾದಲ್ಲಿ ಸ್ಕ್ಯಾನರಿನ 011ನೇ ಅಳತೆ ಗುಂಪು ತೆರೆದರೆ ಇಸಿಯು ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಎನ್75ದ ಶೇಕಡಾವಾರು ಒಟ್ಟಿಗೆ ಕಾಣುತ್ತವೆ. ಮೂರನೇ ಗೇರಿನಲ್ಲಿ 1,500ರಿಂದ 3,500 ಆರ್‌ಪಿಎಂವರೆಗೆ ಪೂರ್ತಿ ಆಕ್ಸಿಲರೇಟರ್ ಕೊಡಿ. ಕೇಳಿದ್ದು ಮತ್ತು ಸಿಕ್ಕಿದ್ದು ಜೊತೆಜೊತೆಗೆ ಏರಬೇಕು. ಸಿಕ್ಕಿದ್ದು ಹಿಂದುಳಿದು ಎನ್75 ತನ್ನ ಒಂದು ಕೊನೆಗೆ ಹೋಗಿ ಕೂತಿದ್ದರೆ ಇನ್ನೂ ಎಲ್ಲೋ ಸೋರುತ್ತಿದೆ, ಅಥವಾ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ದಪ್ಪ ಕೊಳವೆ ಬಿಟ್ಟಿದೆ. ಆ ಕೊಳವೆಯ ಜೋಡಣೆಯಲ್ಲಿ ಎಣ್ಣೆ ಜಿಡ್ಡು ಕಂಡರೆ ಅನುಮಾನವೇ ಬೇಡ. ಎರಡೂ ಅಲೆಅಲೆಯಾಗಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದರೆ ಸೂಜಿರಂಧ್ರದ ಗುಂಡನ್ನೋ ನಕಲಿ ಸೊಲೆನಾಯ್ಡನ್ನೋ ನೆನಪಿಸಿಕೊಳ್ಳಿ.

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಇದ್ದಾಗ ಬೆಂಗಳೂರಿನಲ್ಲಿ ಬೂಸ್ಟ್ ಸೆನ್ಸರ್ 910 ಮಿಲಿಬಾರ್ ಆಸುಪಾಸು ತೋರಿಸುತ್ತದೆ. 1,000 ಬರಬೇಕಿತ್ತಲ್ಲ ಎಂದು ಸೆನ್ಸರ್ ಬದಲಾಯಿಸಲು ಹೊರಡಬೇಡಿ, ಅದು ಊರಿನ ಎತ್ತರದ ಲೆಕ್ಕ.